ಮೊದಲ ಇಪ್ಪತ್ತು ಸೆಕೆಂಡು

ಹಾವೇರಿ
೬ ಜನವರಿ ೨೦೨೫

ಋಷಿಕೇಶ ಸರ್ ಅವರಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ನೀರಿನ ಕ್ಯಾನು ತರುವ ಟಂಟಂ ಗಾಡಿಯ ಹಿಂದೆ ಒಂದು ಹಳೆಯ ಸ್ಟಿಕರ್ ಕಂಡಿತು. ಅದರ ಕೆಂಪು ಬಣ್ಣ ಬಿಸಿಲಿಗೆ ಕಿತ್ತಳೆಯಾಗಿದೆ. ‘ಘಾ’ ಎಂಬ ಒಂದಕ್ಷರ ಬಿಟ್ಟು ಉಳಿದದ್ದು ಹರಿದುಹೋಗಿದೆ. ಗಾಡಿಯವನನ್ನು ಕೇಳಿದರೆ ಗಾಡಿ ಕೊಂಡಾಗಲೇ ಅದು ಇತ್ತು, ಏನೆಂದು ಗೊತ್ತಿಲ್ಲ ಎಂದ. ನನಗೆ ಗೊತ್ತಿತ್ತು. ಅದು ನಿಮ್ಮ ‘ಘಾಟು’ ಸಂಗೀತ ತಂಡದ ಸ್ಟಿಕರ್.

ನನ್ನ ಪರಿಚಯ ಹೇಳಬೇಕು. ನನ್ನ ಹೆಸರು ಸುಶ್ಮಿತಾ. ಹೋದ ವರ್ಷ ಕನ್ನಡ ಎಂ.ಎ. ಮುಗಿಸಿ ಇಲ್ಲಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಮಾಲೀಕರಾದ ಅಣ್ಣಾಜಿಯವರು ಒಂದು ಸಣ್ಣ ಮಾಸಪತ್ರಿಕೆಯನ್ನೂ ತರುತ್ತಾರೆ. ಅದಕ್ಕೆ ನಿಮ್ಮ ತಂಡದ ಬಗ್ಗೆ ಒಂದು ಲೇಖನ ಬರೆಯುತ್ತೇನೆ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಮೇಲೆತ್ತಿ, ಆ ಗದ್ದಲದೊಳಗ ಸಾಹಿತ್ಯ ಎಲ್ಲೈತಿ, ಹುಡುಕಿ ತೋರಿಸು ಎಂದರು. ಮೂರು ಪುಟ ಕೊಟ್ಟಿದ್ದಾರೆ.

ನಿಮ್ಮ ‘ಸಿಗ್ನಲ್’ ಹಾಡು ಎಲ್ಲರಿಗೂ ಗೊತ್ತು. ಅದರ ಬಗ್ಗೆ ನನಗೆ ಬರೆಯಬೇಕಾಗಿಲ್ಲ. ಯಾರೂ ಕೇಳದ ಹಾಡುಗಳು ಇನ್ನೂ ಇವೆ ಎಂದು ನಿಮ್ಮ ಹಳೆಯ ಸಿ.ಡಿ.ಯ ಹೊದಿಕೆಯಲ್ಲಿ ಓದಿದೆ. ಒಂಬತ್ತು ವರ್ಷದ ಹಿಂದೆ ತಂಡ ಒಡೆದಾಗ ಅವು ಏನಾದವು? ಈ ವಿಳಾಸವೂ ಆ ಹೊದಿಕೆಯದೇ. ಫೋನ್ ನಂಬರೂ ಇತ್ತು, ಮಾಡುವಷ್ಟು ಧೈರ್ಯ ನನಗಿಲ್ಲ.

ನನ್ನ ಊರು ಬ್ಯಾಡಗಿ. ನೀವು ಹಾಡು ಕಟ್ಟಿದ ಊರು ಎಂದು ಇದನ್ನು ಬರೆದೆ.

ವಿಶ್ವಾಸದಿಂದ,
ಸುಶ್ಮಿತಾ

•

ರಾಣೆಬೆನ್ನೂರು
೧೫ ಜನವರಿ ೨೦೨೫

ಸುಶ್ಮಿತಾ ಅವರಿಗೆ,

ನೀವು ಫೋನ್ ಮಾಡದೆ ಇದ್ದದ್ದು ಒಳ್ಳೆಯದಾಯಿತು. ನನಗೆ ಕಿವಿ ಕೇಳುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಹಗಲೂ ರಾತ್ರಿ ಹಿಟ್ಟಿನ ಗಿರಣಿ ಓಡುತ್ತಿರುತ್ತದೆ, ಅದರಾಚೆಗೆ ಏನೂ ಇಲ್ಲ. ಆರು ವರ್ಷ ದೊಡ್ಡ ಸ್ಪೀಕರುಗಳ ಮುಂದೆ ನಿಂತದ್ದರ ಫಲ. ತಂಡ ಒಡೆದದ್ದಕ್ಕೆ ಜನ ಹತ್ತು ಕಾರಣ ಹೇಳುತ್ತಾರೆ. ಹಾಡುವವನಿಗೆ ತನ್ನ ಸ್ವರ ಕೇಳಿಸದೆ ಹೋದದ್ದೇ ಕಾರಣ. ಈಗ ನಮ್ಮದು ಇಲ್ಲಿ ಬೀಜದ ಅಂಗಡಿ. ಮೊಬೈಲು ಗುಮಾಸ್ತರ ಕೈಯಲ್ಲಿರುತ್ತದೆ, ಅದಕ್ಕೆ ಬಂದದ್ದನ್ನೆಲ್ಲ ಅವರು ಓದುತ್ತಾರೆ. ನಾವು ಹೀಗೆಯೇ ಕಾಗದ ಬರೆಯೋಣ.

ಹೊರಗೆ ಬರದ ಹಾಡುಗಳು ಇದರ ಜೊತೆಗಿರುವ ಪೆನ್‌ಡ್ರೈವಿನಲ್ಲಿವೆ. ಎಂಟು ಫೈಲುಗಳು. ಏಳು ಹಾಡು, ಎಂಟನೆಯದು ಏನೆಂದು ನೆನಪಿಲ್ಲ. ಬೇರೆ ಪ್ರತಿ ಇಲ್ಲ. ಕಂಪ್ಯೂಟರು ಕೆಟ್ಟಾಗ ಉಳಿದದ್ದು ಇದೊಂದೇ. ಮುಖ ನೋಡದವರ ಕೈಗೆ ಕೊಡುತ್ತಿದ್ದೇನೆ ಎಂದು ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಬದಲಿಗೆ ಒಂದು ಉಪಕಾರ ಮಾಡಿ. ಸಾಹಿತ್ಯ ಬರೆದಿಟ್ಟ ವಹಿ ಕಳೆದಿದೆ. ಹಾಡುಗಳನ್ನು ಕೇಳಿ ಮಾತುಗಳನ್ನು ಬರೆದು ಕಳಿಸಿ. ಹೇಗೆ ಕೇಳಿಸುತ್ತವೆ ಎಂಬುದನ್ನೂ ಬರೆಯಿರಿ. ಒಂಬತ್ತು ವರ್ಷವಾಯಿತು, ನನಗೂ ಆಸೆಯಿದೆ.

ಬ್ಯಾಡಗಿಯಲ್ಲಿ ಯಾರ ಮನೆಯವರು? ನಮ್ಮ ತಂದೆಯ ದಲಾಲಿ ಅಂಗಡಿ ಅಲ್ಲಿನ ಮೆಣಸಿನಕಾಯಿ ಯಾರ್ಡಿನಲ್ಲೇ ಇತ್ತು. ನಿಮ್ಮವರು ಪರಿಚಯ ಇದ್ದರೂ ಇರಬಹುದು.

ಋಷಿಕೇಶ

•

ಹಾವೇರಿ
೨೭ ಜನವರಿ ೨೦೨೫

ಋಷಿಕೇಶ ಸರ್,

ಪೆನ್‌ಡ್ರೈವ್ ಸುರಕ್ಷಿತವಾಗಿ ತಲುಪಿತು. ಊಟದ ಬಿಡುವಿನಲ್ಲಿ ಮುದ್ರಣಾಲಯದ ಕಂಪ್ಯೂಟರಿನಲ್ಲಿ ದಿನಕ್ಕೊಂದು ಹಾಡು ಕೇಳುತ್ತೇನೆ, ಒಂದಕ್ಕಿಂತ ಹೆಚ್ಚು ಕೇಳುವುದಿಲ್ಲ. ಆರು ಹಾಡಿನ ಮಾತುಗಳನ್ನು ಬರೆದು ಇದರೊಂದಿಗೆ ಇಟ್ಟಿದ್ದೇನೆ.

ಹೇಗೆ ಕೇಳಿಸುತ್ತವೆ ಎಂದು ಕೇಳಿದ್ದೀರಿ. ‘ಎರಡನೇ ಪ್ಲಾಟ್‌ಫಾರ್ಮ್’ ಹಾಡಿನಲ್ಲಿ ವಿಕಾಸ ಅವರ ಗಿಟಾರು ಬರುವಾಗ, ತಗಡಿನ ಮೇಲೆ ಯಾರೋ ಚೀಲ ಎಳೆದಂತಾಗುತ್ತದೆ. ‘ಕೆಂಪು ಚೀಲ’ದಲ್ಲಿ ಮೈಲೇಶ ಅವರ ಡ್ರಮ್ಮು ಒಂದು ಕಡೆ ತಪ್ಪುತ್ತದೆ, ನೀವು ನಗುತ್ತೀರಿ, ಆ ನಗುವನ್ನು ಹಾಗೆಯೇ ಉಳಿಸಿದ್ದೀರಿ. ನಿಮ್ಮ ಸ್ವರ ಚೆನ್ನಾಗಿದೆ. ಸ್ವಲ್ಪ ಒಡೆದ ಸ್ವರ. ಒಡೆದ ಕಡೆಯೇ ಮಾತು ನಾಟುತ್ತದೆ.

ಲೇಖನಕ್ಕೆ ನನಗೆ ಸಿಕ್ಕ ಮುಖ್ಯ ವಿಷಯ ಬೇರೆ. ನಿಮ್ಮ ಸಾಲುಗಳು ಮೂರು ಪದ, ಹೆಚ್ಚೆಂದರೆ ನಾಲ್ಕು ಪದಕ್ಕೆ ನಿಲ್ಲುತ್ತವೆ. ಆಮೇಲೆ ಒಂದು ಖಾಲಿ, ಮತ್ತೆ ಮೂರು ಪದ. ‘ಸಿಗ್ನಲ್’ನಲ್ಲಿ ಹೀಗಿಲ್ಲ. ಈ ಆರರಲ್ಲೂ ಇದೆ. ನಾನು ಓದಿದ ಯಾವ ಛಂದಸ್ಸಿಗೂ ಇದು ಹೊಂದುವುದಿಲ್ಲ, ಆದರೆ ಎಲ್ಲೋ ಕೇಳಿದ ಉಸಿರಿನಂತೆ ಅನ್ನಿಸುತ್ತದೆ. ಇದನ್ನು ಹೇಗೆ ಕಂಡುಕೊಂಡಿರಿ?

ನಮ್ಮ ಮನೆ ಸ್ಟೇಷನ್ ಕಡೆ. ತಂದೆ ಹೊರಗೆ ಇದ್ದಾರೆ. ತಾಯಿ ಮನೆಯಲ್ಲೇ ಇರುತ್ತಾರೆ. ನಿಮಗೆ ಪರಿಚಯ ಇರಲಿಕ್ಕಿಲ್ಲ.

ಸುಶ್ಮಿತಾ

•

ರಾಣೆಬೆನ್ನೂರು
೪ ಫೆಬ್ರವರಿ ೨೦೨೫

ತಂಗಿ ಸುಶ್ಮಿತಾ,

ತಂಗಿ ಎಂದು ಬರೆದದ್ದಕ್ಕೆ ಬೇಸರವಿಲ್ಲ ತಾನೆ? ಆ ನಗುವಿನ ಬಗ್ಗೆ ಬರೆದಿದ್ದೀರಲ್ಲ, ಅದನ್ನು ಓದಿ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ನಾನು ನಗುವುದು ಹೇಗೆ ಕೇಳಿಸುತ್ತದೆ ಎಂಬುದು ನನಗೆ ಮರೆತುಹೋಗಿದೆ.

ಮೂರು ಪದದ ಸಾಲನ್ನು ಇದುವರೆಗೆ ಯಾರೂ ಗುರುತಿಸಿರಲಿಲ್ಲ. ಅದು ನನ್ನ ಶೈಲಿ. ಇಷ್ಟುದ್ದ ವಾಕ್ಯ ಹಾಡುವವರು ಎಲ್ಲ ಕಡೆ ಇದ್ದಾರೆ, ನನಗೆ ಕತ್ತರಿಸಿ ಒಗೆದಂಥ ಮಾತು ಬೇಕಿತ್ತು. ಹಾಗೆಂದು ಧಾರಾಳವಾಗಿ ಬರೆಯಿರಿ.

ಇನ್ನೊಂದು ಸುದ್ದಿ. ನಮ್ಮ ವಿಕಾಸ ಈಗ ಹುಬ್ಬಳ್ಳಿಯಲ್ಲಿ ಸ್ಟುಡಿಯೊ ಇಟ್ಟಿದ್ದಾನೆ. ಈ ಏಳು ಹಾಡುಗಳನ್ನು ಯುಗಾದಿಗೆ ಇಂಟರ್‌ನೆಟ್ಟಿನಲ್ಲಿ ಬಿಡುಗಡೆ ಮಾಡೋಣ ಎನ್ನುತ್ತಾನೆ. ನಿಮ್ಮ ಲೇಖನವೇ ಮುನ್ನುಡಿ. ಏಳನೆಯ ಹಾಡು ‘ಒಂದು ಜೊತೆ’ಯ ಹೆಸರನ್ನೇ ಇಡೀ ಸಂಕಲನಕ್ಕೆ ಇಡುತ್ತೇವೆ. ನಾನು ಬರೆದದ್ದರಲ್ಲಿ ಅತ್ಯುತ್ತಮವಾದದ್ದು ಅದು. ಶುರುವಿನಲ್ಲಿ ಇಪ್ಪತ್ತು ಸೆಕೆಂಡು ಮಳೆಯಂಥ ಒಂದು ಸದ್ದು ಇರಬೇಕು, ಮೈಲೇಶ ಎಲ್ಲಿಂದಲೋ ಹಿಡಿದು ತಂದದ್ದು. ಅದು ಇನ್ನೂ ಇದೆಯೇ ನೋಡಿ. ಮಾತುಗಳನ್ನು ಲಗೂ ಕಳಿಸಿ.

ನಿಮ್ಮ ಕಿವಿ ಈಗ ನನ್ನ ಕಿವಿ.

ಋಷಿಕೇಶ

•

ಹಾವೇರಿ
೧೦ ಫೆಬ್ರವರಿ ೨೦೨೫

ಸರ್,

ಏಳನೆಯ ಹಾಡು ಕೇಳಿದೆ. ಎಂಟನೆಯ ಫೈಲೂ ಕೇಳಿದೆ.

ಶುರುವಿನ ಸದ್ದು ಇದೆ. ಅದು ಮಳೆಯಲ್ಲ.

‘ಒಂದು ಜೊತೆ’ಯ ಮಾತು ನಿಮಗೆ ಎಲ್ಲಿಂದ ಬಂತು?

ಸುಶ್ಮಿತಾ

•

ರಾಣೆಬೆನ್ನೂರು
೧೭ ಫೆಬ್ರವರಿ ೨೦೨೫

ತಂಗಿ ಸುಶ್ಮಿತಾ,

ಇಷ್ಟು ಚಿಕ್ಕ ಪತ್ರ! ಹಾಡು ನಿಮ್ಮನ್ನು ಮಾತಿಲ್ಲದಂತೆ ಮಾಡಿದೆ ಎಂದುಕೊಳ್ಳುತ್ತೇನೆ. ಅದರ ಮುಂದೆ ಹಾಗೆ ಆಗುವುದು ನಿಮಗೊಬ್ಬರಿಗೇ ಅಲ್ಲ.

ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಬ್ಯಾಡಗಿ ಸ್ಟೇಷನ್ನಿನಲ್ಲಿ ಒಂದು ಸಂಜೆ ಹುಬ್ಬಳ್ಳಿ ಗಾಡಿಗೆ ಕಾಯುತ್ತ ಕೂತಿದ್ದೆ. ಬೆಂಚಿನ ಕೆಳಗೆ ಯಾರೋ ಬಿಟ್ಟುಹೋದ ಚಪ್ಪಲಿ ಇದ್ದವು. ಗಾಡಿ ಬರುವಷ್ಟರಲ್ಲಿ ಹಾಡು ಮುಗಿದಿತ್ತು. ಒಂದಕ್ಷರವನ್ನೂ ಆಮೇಲೆ ತಿದ್ದಲಿಲ್ಲ. ಇದನ್ನು ಮುನ್ನುಡಿಯಲ್ಲಿ ಬಳಸಬಹುದು, ಓದುವವರಿಗೆ ಇಂಥವು ಹಿಡಿಸುತ್ತವೆ.

ವಿಕಾಸ ಅವಸರ ಮಾಡುತ್ತಿದ್ದಾನೆ. ಮಾತುಗಳನ್ನೂ ಪೆನ್‌ಡ್ರೈವನ್ನೂ ತಿಂಗಳ ಕೊನೆಗೆ ಕಳಿಸಿ.

ಋಷಿಕೇಶ

•

ರಾಣೆಬೆನ್ನೂರು
೬ ಮಾರ್ಚ್ ೨೦೨೫

ಸುಶ್ಮಿತಾ ಅವರಿಗೆ,

ಹದಿನೇಳು ದಿನವಾಯಿತು. ಆರೋಗ್ಯ ಸರಿಯಿಲ್ಲವೋ ಏನೋ ಎಂದು ಗುಮಾಸ್ತರ ಕೈಯಲ್ಲಿ ನಿಮ್ಮ ಮುದ್ರಣಾಲಯಕ್ಕೆ ಫೋನ್ ಮಾಡಿಸಿದೆ. ನೀವು ದಿನಾಲೂ ಕೆಲಸಕ್ಕೆ ಬರುತ್ತೀರಿ ಎಂದು ಅಣ್ಣಾಜಿಯವರು ಹೇಳಿದರಂತೆ.

ನಿಮ್ಮ ಪ್ರಶ್ನೆಯನ್ನು ಮತ್ತೆ ಓದಿದೆ. ಮಳೆಯಲ್ಲ ಎಂದೂ ಬರೆದಿದ್ದೀರಿ. ನೀವು ಬ್ಯಾಡಗಿಯವರು, ಆ ಸದ್ದು ಗುರುತು ಸಿಕ್ಕಿರಬೇಕು. ಸರಿ, ಇದ್ದದ್ದನ್ನು ಹೇಳುತ್ತೇನೆ. ನಮ್ಮ ತಂದೆಯ ಅಂಗಡಿಯ ಮುಂದೆ ಹೆಣ್ಣುಮಕ್ಕಳು ರಾಶಿಯ ಸುತ್ತ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮೈಲೇಶ ಚೀಲಗಳ ನಡುವೆ ಮೊಬೈಲ್ ಇಟ್ಟು ಅವರ ಸದ್ದನ್ನೂ ಮಾತನ್ನೂ ಹಿಡಿಯುತ್ತಿದ್ದ. ಅವರಲ್ಲಿ ಒಬ್ಬ ಹೆಂಗಸು ಗಂಡ ಬಿಟ್ಟುಹೋದ ಕಥೆ ಹೇಳಿದ್ದಳು. ಹೆಸರು ನೆನಪಿಲ್ಲ. ಅದರಿಂದ ಒಂದೆರಡು ಮಾತು ತೆಗೆದುಕೊಂಡಿರಬಹುದು. ಮಾತು ಗಾಳಿಯಲ್ಲಿ ಇರುತ್ತದೆ, ಹಾಡು ಮಾಡುವುದು ಬೇರೆ ಕೆಲಸ. ಸಾಹಿತ್ಯ ಓದಿದ ನಿಮಗೆ ಇದನ್ನು ನಾನು ಹೇಳಬೇಕೇ?

ಆ ಹಾಡನ್ನು ಒಂದೇ ಸಲ ಹಾಡಿದ್ದೇವೆ, ೨೦೧೩ರ ಮಾರ್ಚಿನಲ್ಲಿ, ಇಲ್ಲಿಯ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ. ಹುಡುಗರು ಕುಣಿದರು. ಯಾರಿಗೂ ನೋವಾಗಿಲ್ಲ. ಆ ಹೆಂಗಸು ಇನ್ನೂ ಇದ್ದರೆ ಹುಡುಕಿ, ಒಂದು ಒಳ್ಳೆಯ ಇಳಕಲ್ ಸೀರೆ ಕಳಿಸುತ್ತೇನೆ.

ಯುಗಾದಿಗೆ ಇಪ್ಪತ್ನಾಲ್ಕು ದಿನ ಉಳಿದಿದೆ. ಅದೊಂದೇ ಪ್ರತಿ ಎಂಬುದು ನೆನಪಿರಲಿ. ನಾನು ಮತ್ತೆ ಹಾಡಲಾರೆ. ನಾನು ಹಾಡುತ್ತಿದ್ದೆ ಎಂಬುದಕ್ಕೆ ಉಳಿದ ಸಾಕ್ಷಿ ನಿಮ್ಮ ಕೈಯಲ್ಲಿದೆ.

ಋಷಿಕೇಶ

•

ಬ್ಯಾಡಗಿ
೧೭ ಮಾರ್ಚ್ ೨೦೨೫

ಋಷಿಕೇಶ ಅವರಿಗೆ,

ಆ ಹೆಂಗಸಿನ ಹೆಸರು ದೇವವ್ವ. ಅವಳು ನನ್ನ ತಾಯಿ.

ತಾಯಿ ಮನೆಯಲ್ಲೇ ಇರುತ್ತಾರೆ ಎಂದು ನಿಮಗೆ ಬರೆದದ್ದು ಸುಳ್ಳು. ಅವ್ವ ಇವತ್ತಿಗೂ ಯಾರ್ಡಿನಲ್ಲಿ ತೊಟ್ಟು ಬಿಡಿಸುತ್ತಾಳೆ. ಎಂ.ಎ. ಓದುವಾಗಿನಿಂದ ನಾನು ಆ ಸುಳ್ಳು ಹೇಳುತ್ತ ಬಂದಿದ್ದೇನೆ. ತಂದೆ ಹೊರಗೆ ಇದ್ದಾರೆ ಎಂಬುದು ಮಾತ್ರ ನಿಜ. ಹೊರಗೆ ಎಂದರೆ ಎಲ್ಲಿ ಎಂದು ನನಗೆ ಗೊತ್ತಿಲ್ಲ. ನನಗೆ ಐದು ವರ್ಷವಿದ್ದಾಗ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟದೆ ಹೋದರು.

ನಿಮ್ಮ ಏಳನೆಯ ಹಾಡಿನ ಮೊದಲ ಇಪ್ಪತ್ತು ಸೆಕೆಂಡು ಹೇಗೆ ಕೇಳಿಸುತ್ತದೆ ಎಂದು ಈಗ ಬರೆಯುತ್ತೇನೆ. ಹತ್ತು ಹನ್ನೆರಡು ಜನ ಒಟ್ಟಿಗೆ ತೊಟ್ಟು ಮುರಿಯುವ ಸದ್ದು. ಒಬ್ಬರು ಕೆಮ್ಮುತ್ತಾರೆ. ಆಮೇಲೆ ನನ್ನ ಅವ್ವ ಮಾತಾಡುತ್ತಾಳೆ.

“ಬಾಗಲಾ ಬಲಕ್ಕ ಅದಾವ. ಬಿಟ್ಟ ಹೋಗ್ಯಾನ. ಬರಿಗಾಲಾಗ ಎಷ್ಟ ದೂರ ಹೋದಾನು.”

ಇದರ ಮೇಲೆ ಗಿಟಾರು ಬರುತ್ತದೆ. ಅದೇ ಮಾತನ್ನು ನೀವು ಹಾಡುತ್ತೀರಿ. ಒಂದಕ್ಷರವನ್ನೂ ತಿದ್ದಲಿಲ್ಲ ಎಂದದ್ದು ಸರಿ.

ನಾನು ಹೊಗಳಿದ ಮೂರು ಪದದ ಸಾಲೂ ನಿಮ್ಮದಲ್ಲ. ಕಾಯಿಯ ರಾಶಿಯ ಮುಂದೆ ಕೂತವರು ಅದಕ್ಕಿಂತ ಉದ್ದ ಮಾತಾಡಿದರೆ ಘಾಟು ಗಂಟಲಿಗೆ ಇಳಿಯುತ್ತದೆ. ಮೂರು ಮಾತು ಆಡಿ, ಸೆರಗು ಬಾಯಿಗೆ ಒತ್ತಿ, ಉಸಿರು ತೆಗೆದುಕೊಂಡು ಮತ್ತೆ ಮೂರು ಆಡಬೇಕು. ಅವ್ವ ಮನೆಯಲ್ಲೂ ಹಾಗೆಯೇ ಮಾತಾಡುತ್ತಾಳೆ. ಅದನ್ನು ಕೇಳುತ್ತಲೇ ಬೆಳೆದವಳು ನಾನು, ಅದನ್ನೇ ನಿಮ್ಮ ಶೈಲಿ ಎಂದು ನಿಮಗೆ ಬರೆದೆ. ಇದಕ್ಕೆ ಯಾರನ್ನು ಬಯ್ಯಬೇಕು ಎಂದು ತಿಳಿಯದೆ ಒಂದು ತಿಂಗಳು ನಿಮಗೆ ಬರೆಯಲಿಲ್ಲ.

ಎಂಟನೆಯ ಫೈಲು ಏನೆಂದು ನೆನಪಿಲ್ಲ ಎಂದಿದ್ದಿರಿ. ಅದು ಆ ಗ್ಯಾದರಿಂಗಿನ ರೆಕಾರ್ಡಿಂಗ್. ಹಾಡಿಗೆ ಮೊದಲು ಮೈಕಿನಲ್ಲಿ ನೀವು ಹೇಳುತ್ತೀರಿ: “ಇದು ನಮ್ಮ ಅಂಗಡಿ ದೇವವ್ವನ ಹಾಡು. ಗಂಡ ಹೋಗಿ ಆರು ವರ್ಷಾತು, ಚಪ್ಲಿ ಇನ್ನೂ ಬಾಗಲದಾಗ ಕಾಯಾಕತ್ತಾವ.” ಜನ ನಗುತ್ತಾರೆ, ಸಿಳ್ಳೆ ಹೊಡೆಯುತ್ತಾರೆ. ನೀವೂ ನಗುತ್ತೀರಿ. ನಿಮ್ಮ ನಗು ಹೇಗೆ ಕೇಳಿಸುತ್ತದೆ ಎಂಬುದು ಮರೆತಿದೆ ಎಂದು ಬರೆದಿದ್ದಿರಿ. ಅದು ಹಾಗೆ ಕೇಳಿಸುತ್ತದೆ. ಜನರ ಮುಂದೆ ಹೆಸರು ನೆನಪಿತ್ತು, ಕಾಗದದಲ್ಲಿ ಮರೆತಿದೆ.

ನಿನ್ನೆ ಭಾನುವಾರ ಊರಿಗೆ ಬಂದೆ. ಅವ್ವನ ಜೊತೆ ಕೆಲಸ ಮಾಡುವ ದೌಲತಬಿ ಚಿಕ್ಕಮ್ಮನನ್ನು ಮೊದಲು ಕೇಳಿದೆ. ನಿಮ್ಮ ಅಂಗಡಿಯ ಹಮಾಲರಲ್ಲಿ ಇಬ್ಬರು ಆ ಗ್ಯಾದರಿಂಗಿಗೆ ಸ್ಪೀಕರು ಹೊರಲು ಬಂದಿದ್ದರಂತೆ. ಮರುದಿನ ಬೆಳಿಗ್ಗೆಯಿಂದಲೇ ಯಾರ್ಡಿನಲ್ಲಿ ಅವ್ವ ಹಾದುಹೋದಲ್ಲೆಲ್ಲ ಯಾರಾದರೂ ಕೂಗುತ್ತಿದ್ದರಂತೆ, ದೇವವ್ವಾ, ಚಪ್ಲಿ ಅದಾವೋ, ನಡದು ಹೋದುವೋ? ಸರದಿಗೆ ನಿಂತು ಆ ಚಪ್ಪಲಿ ತಾವೇ ಮೆಟ್ಟಿಕೊಳ್ಳಲು ಮನೆಗೆ ಬರುತ್ತೇವೆ ಎಂದವರೂ ಇದ್ದರಂತೆ.

“ನಿಮ್ಮವ್ವ ಮೊದ್ಲ ಸುಮ್ನ ಕುಂದ್ರಾಕಿ ಅಲ್ಲ ಬೇ,” ಎಂದಳು ಚಿಕ್ಕಮ್ಮ. “ಆಕಿ ಮಾತಿಗೆ ಕುಂತ್ರ ನಮಗ ಚೀಲ ತುಂಬಿದ್ದ ಗೊತ್ತಾಗ್ತಿರಲಿಲ್ಲ.”

ಆ ಅವ್ವನನ್ನು ನಾನು ನೋಡಿಲ್ಲ. ನಾನು ನೋಡಿದ ಅವ್ವ ಬೇರೆ ಸಾಲಿನ ಅಂಗಡಿಗೆ ಹೋಗುತ್ತಾಳೆ, ರಾಶಿಯ ಆಚೆ ಒಬ್ಬಳೇ ಕೂರುತ್ತಾಳೆ, ಸೆರಗು ಬಾಯಿಗೆ ಬಿಗಿದುಕೊಂಡಿರುತ್ತಾಳೆ. ಅದು ಘಾಟಿಗೆ ಎಂದುಕೊಂಡಿದ್ದೆ.

ಇನ್ನು ಚಪ್ಪಲಿಯ ವಿಷಯ. ಅಮಾವಾಸ್ಯೆಗೊಮ್ಮೆ ಅವ್ವ ಅವನ್ನು ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ ಇಡುತ್ತಿದ್ದಳು. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಬಾಗಿಲ ಬಲಗಡೆ ಅವು ಇರಲಿಲ್ಲ. ಅಪ್ಪ ಬಂದು ಮೆಟ್ಟಿಕೊಂಡು ಹೋಗಿದ್ದಾನೆ ಎಂದು ತಿಳಿದೆ. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ, ನಮ್ಮಪ್ಪ ಬಂದಿದ್ದ. ಆಮೇಲೆ ದೊಡ್ಡವಳಾದಂತೆ ಅದೇ ಬೇರೆಯಾಯಿತು. ಚಪ್ಪಲಿಗಾಗಿ ಬಂದವನು ಶಾಲೆ ಬಿಡುವ ತನಕ ನಿಲ್ಲಲಿಲ್ಲ. ಹನ್ನೆರಡು ವರ್ಷದಿಂದ ನಾನು ತಂದೆಯನ್ನು ದ್ವೇಷಿಸಿದ್ದು ಆ ಒಂದು ಮಧ್ಯಾಹ್ನಕ್ಕೆ. ಅದು ೨೦೧೩ರ ಮಾರ್ಚ್.

ನಿನ್ನೆ ಕೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು.

“ಮುನಸಿಪಾಲ್ಟಿ ಕಸದ ಗಾಡಿಗೆ ಒಗದೆ,” ಎಂದಳು. “ಸಂಜೀಕ ನೀ ನಕ್ಕೋತ ಬಂದಿ. ಅಪ್ಪ ಬಂದಿದ್ನಾ ಅಂದಿ. ನಾ ಹೂಂ ಅಂದೆ. ಮತ್ತೇನ ಅನ್ನಲಿ?”

ಹಾಡಿನ ಬಗ್ಗೆ ಹೇಳಿದೆ. ಅವಳು ಅದನ್ನು ಇದುವರೆಗೆ ಕೇಳಿಯೇ ಇರಲಿಲ್ಲ. ಜನ ಕೂಗಿದ್ದನ್ನು ಮಾತ್ರ ಕೇಳಿದ್ದಳು. ಹಾಡು ಚಲೋ ಐತೇನ ಎಂದು ಕೇಳಿದಳು. ಸುಳ್ಳು ಹೇಳಲು ಆಗಲಿಲ್ಲ. ಚಲೋ ಐತಿ ಅವ್ವಾ ಎಂದೆ. ಮೊರದಲ್ಲಿ ಕೈ ನಿಂತಿತು.

“ಚಲೋ ಇದ್ರ ಮತ್ತ ಯಾಕ ನಕ್ರು?”

ಸಾಹಿತ್ಯ ಓದಿದವಳು ಎಂದು ನನ್ನ ಬಗ್ಗೆ ಬರೆದಿದ್ದೀರಿ. ಇದಕ್ಕೆ ಉತ್ತರ ನನ್ನ ಓದಿನಲ್ಲಿ ಇರಲಿಲ್ಲ.

ಹಾಡನ್ನು ನನ್ನ ಮೊಬೈಲಿಗೆ ಹಾಕಿಕೊಂಡು ಬಂದಿದ್ದೆ. ಇಯರ್‌ಫೋನಿನ ಒಂದು ಎಳೆಯನ್ನು ಅವ್ವನ ಕಿವಿಗೆ ಇಟ್ಟೆ. ತೊಟ್ಟಿನ ಸದ್ದು ಬಂದಾಗ ಅವಳ ಬೆರಳುಗಳು ತಾವಾಗಿ ಆಡಿದವು. ತನ್ನ ದನಿ ಬಂದಾಗ ಕಣ್ಣು ಮುಚ್ಚಿದಳು. ಗಿಟಾರು ಶುರುವಾಗುತ್ತಲೇ ಎಳೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು.

“ಇಷ್ಟ ಸಾಕು. ಮುಂದಿಂದು ನಂದಲ್ಲ.”

ಇದರೊಂದಿಗೆ ಹೊಸ ಪೆನ್‌ಡ್ರೈವ್ ಇದೆ. ಅದರಲ್ಲಿ ಆರು ಹಾಡುಗಳಿವೆ. ಅವುಗಳ ಮಾತು ಯಾರ ಯಾರದು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನ್ನೂ ಕಳಿಸುತ್ತಿರಲಿಲ್ಲ. ಲೇಖನ ಬರೆಯುವುದಿಲ್ಲ ಎಂದು ನಾಳೆ ಅಣ್ಣಾಜಿಯವರಿಗೆ ಹೇಳುತ್ತೇನೆ. ನನ್ನ ಮೊಬೈಲಿನಿಂದಲೂ ಆ ಹಾಡನ್ನು ಅಳಿಸಿದ್ದೇನೆ. ನಿಮ್ಮ ಹಳೆಯ ಪೆನ್‌ಡ್ರೈವನ್ನು ಅವ್ವನ ಕೈಗೆ ಕೊಟ್ಟೆ, ಅದರಲ್ಲಿ ಏನಿದೆ ಎಂದೂ ಹೇಳಿದೆ. ಅವಳು ಅದನ್ನು ಬಾಗಿಲ ಬಲಗಡೆಯ ಗೂಡಿನಲ್ಲಿ ಇಟ್ಟಿದ್ದಾಳೆ. ನಾಳೆ ಕಸದ ಗಾಡಿ ಬಂದಾಗ ಏನು ಮಾಡುತ್ತಾಳೋ ನಾನು ಕೇಳಿಲ್ಲ.

ಸೀರೆ ಕಳಿಸಬೇಡಿ. ಹಾಡು ಬೇಕಾದರೆ ನೀವೇ ಬರಬೇಕು. ರಾಣೆಬೆನ್ನೂರಿನಿಂದ ಬಸ್ಸು ಇದೆ, ಸ್ಟೇಷನ್ ಕಡೆ ದೇವವ್ವನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅವಳು ಏನು ಹೇಳುತ್ತಾಳೆ ಎಂಬುದು ನಿಮಗೆ ಕೇಳಿಸುವುದಿಲ್ಲ. ಅವ್ವನಿಗೆ ಬರೆಯಲು ಬರುವುದಿಲ್ಲ. ಅವಳ ಮಾತನ್ನು ಕಾಗದಕ್ಕೆ ಇಳಿಸಿ ನಿಮ್ಮ ಕೈಗೆ ಕೊಡಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ.

ನಾನು ಬರೆದುಕೊಡುವುದಿಲ್ಲ.

ಸುಶ್ಮಿತಾ